1971ರ ಎಂಜಿಬಿ ಜಿಟಿ: ಇಂಜಿನ್ ಬದಲಿಸುವ ಮೊದಲು ಮಾಡಿದ ರಿಪೇರಿಗಳು

ಕಾರು ಎಂಜಿಬಿ ಜಿಟಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, 1971ರದ್ದು. ಇಂಗ್ಲೆಂಡಿನ ಅಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಹೆಚ್ಚಿನವು ಬಟ್ಟೆಯ ಟಾಪ್ ಇರುವ ರೋಡ್‌ಸ್ಟರ್. ನನ್ನದು ಗಟ್ಟಿ ಚಾವಣಿಯ ಜಿಟಿ. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ನಾಲ್ಕು ಗೇರು, ಜೊತೆಗೆ ಓವರ್‌ಡ್ರೈವ್ (ಅದೇ ವೇಗಕ್ಕೆ ಇಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರಿನಂಥದ್ದು). ನಮ್ಮ ಅಂಬಾಸಿಡರ್‌ನಲ್ಲಿ ಎಷ್ಟೋ ವರ್ಷ ಇದ್ದ 1489 ಸಿಸಿ ಇಂಜಿನ್ ಕೂಡ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಮನೆತನದ್ದು. ಅಂಬಾಸಿಡರ್ ರಿಪೇರಿ ನೋಡಿ ಬೆಳೆದವರು ಇದರ ಬಾನೆಟ್ ಎತ್ತಿದರೆ ಅಪರಿಚಿತ ಅನ್ನಿಸುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿ ಹತ್ತಿರ. ಕಾರು ತಗೊಂಡಾಗ ಅದರ ದೂರುಗಳು ಹೀಗಿದ್ದವು: ಟ್ರಾಫಿಕ್‌ನಲ್ಲಿ ನಿಂತರೆ ಬಿಸಿ ಏರುತ್ತದೆ. ಓವರ್‌ಡ್ರೈವ್ ಕೆಲಸ ಮಾಡಲ್ಲ. ಸ್ಟೀರಿಂಗ್ ಬಿಗಿ. ಮುಂದುಗಡೆ ಕುಣಿಯುತ್ತದೆ. ಪಿಕಪ್ ಇಲ್ಲ. ಮಾರಿದವರು "ಇಂಜಿನ್ ಸುಸ್ತಾಗಿದೆ" ಅಂದಿದ್ದರು.

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಹಾಸನದ ಗೆಳೆಯ ಒಂದು ಸುತ್ತು ಓಡಿಸಿ ನೋಡಿ ನೇರವಾಗಿ ಹೇಳಿದ. "ಲೋ, ಹಳೇದನ್ನ ಎಷ್ಟು ಅಂತ ರಿಪೇರಿ ಮಾಡ್ತೀಯಾ? ಮಾಜ್ದಾ ಎಂಎಕ್ಸ್-5ರ ಇಂಜಿನ್ನು, ಐದು ಗೇರಿನ ಬಾಕ್ಸು ಕೂರಿಸಿಬಿಡು. ಆರಾಮಾಗಿ ಓಡಾಡ್ಕೊಂಡಿರು." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಇಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ, ಓಡಿಸೋಕೆ ತುಂಬಾ ಚೆನ್ನಾಗಿಯೂ ಇರುತ್ತದೆ. ಕೆಲಸಕ್ಕೆ ಕೊಟೇಷನ್ ಕೇಳಿದೆ. 7,000 ಪೌಂಡ್‌ಗಿಂತ ಕಡಿಮೆಗೆ ಯಾರೂ ಒಪ್ಪಲಿಲ್ಲ. (ಒಂದು ಪೌಂಡ್ ಅಂದರೆ ನೂರು ರೂಪಾಯಿಗಿಂತ ಜಾಸ್ತಿ ಅಂತ ಇಟ್ಟುಕೊಳ್ಳಿ.) ದುಡ್ಡಿಗಿಂತ ನನ್ನನ್ನು ತಡೆದದ್ದು ಇನ್ನೊಂದು ಮಾತು: ಅದಕ್ಕಾಗಿ ಗೇರ್‌ಬಾಕ್ಸ್ ಸುರಂಗ, ಇಂಜಿನ್ ಕೂರುವ ಜಾಗ ಎಲ್ಲ ಅಲ್ಲಲ್ಲಿ ಕತ್ತರಿಸಬೇಕು. ಕತ್ತರಿಸಿದ ಮೇಲೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಅಲ್ವಾ? ಹಾಗಾಗಿ ಮೊದಲು ಕಾರು ಏನು, ಅದರಲ್ಲಿ ನಿಜಕ್ಕೂ ಕೆಟ್ಟಿರುವುದು ಏನು ಅಂತ ನೋಡೋಣ ಅಂದುಕೊಂಡು ಶುರು ಮಾಡಿದೆ.

ಹಂತ 1: ನಂಬರುಗಳು

ಮೊದಲ ಕೆಲಸಕ್ಕೆ ಟಾರ್ಚ್, ಬಟ್ಟೆ, ಸ್ವಲ್ಪ ಪೆಟ್ರೋಲ್ ಸಾಕು. ಇಂಜಿನ್ ನಂಬರಿನ ತಗಡು ಬ್ಲಾಕಿನ ಬಲಗಡೆ ರಿವೆಟ್ ಆಗಿರುತ್ತದೆ. ಗ್ರೀಸ್ ಒರೆಸಿದರೆ 18ಜಿಜಿ ಅಂತ ಶುರುವಾಗುವ ನಂಬರ್ ಕಂಡಿತು. ಆ ಕಾಲದ ಕಾರಿಗೆ ಸರಿಯಾದದ್ದೇ. ಚಾಸಿ ನಂಬರ್ ಜಿಎಚ್‌ಡಿ5 ಅಂತ ಶುರು. ಇದರಲ್ಲಿ ಜಿ ಅಂದರೆ ಎಂಜಿ, ಡಿ ಅಂದರೆ ಜಿಟಿ. ರೋಡ್‌ಸ್ಟರ್ ಆಗಿದ್ದರೆ ಡಿ ಜಾಗದಲ್ಲಿ ಎನ್ ಇರುತ್ತಿತ್ತು.

ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಸುಮಾರು 50 ಪೌಂಡ್ ಆಯಿತು. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಇಂಜಿನ್ ನಂಬರ್ ದಾಖಲೆಗೆ ಹೊಂದಿತು. ಅಂದರೆ ಕಾರ್ಖಾನೆಯಿಂದ ಹೊರಬಂದ ದಿನದ ಇಂಜಿನ್ನೇ ಇನ್ನೂ ಅದರಲ್ಲಿದೆ. ಬಣ್ಣ ಮಾತ್ರ ಬೇರೆ. ಈಗ ಕಾರು ಕೆಂಪು, ದಾಖಲೆಯಲ್ಲಿ ಬ್ರಾಂಜ್ ಯೆಲ್ಲೋ. ಇಂಜಿನ್ ಜಾಗದ ಒಳಗೋಡೆಯಲ್ಲಿ, ಕಾರ್ಪೆಟ್ ಕೆಳಗೆ ಆ ಕಂದು ಹಳದಿ ಇನ್ನೂ ಹಾಗೇ ಇತ್ತು. ಹೊರಗೆ ಮಾತ್ರ ಕೆಂಪು ಹೊಡೆದಿದ್ದರು.

ಎಂಜಿಬಿ ಅಪರೂಪದ ಕಾರಲ್ಲ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹೊಸ ಬಾಡಿಯನ್ನೇ ತಯಾರಿಸಿ ಮಾರಿದ್ದಾರೆ. ಬಿಡಿ ಭಾಗಗಳಿಂದಲೇ ಹೆಚ್ಚುಕಡಿಮೆ ಇಡೀ ಕಾರು ಕಟ್ಟಬಹುದು. ಅಪರೂಪ ಆಗುತ್ತಿರುವುದು ಯಾರೂ ಕೊರೆಯದ, ಕತ್ತರಿಸದ, ಹುಟ್ಟಿದ ಇಂಜಿನ್ ಉಳಿದಿರುವ ಕಾರು. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಗ್ರೈಂಡರ್ ಹಿಡಿಯುವ ಆಸೆ ಅರ್ಧ ಇಳಿಯಿತು.

ಹಂತ 2: "ಸುಸ್ತಾದ" ಇಂಜಿನ್

ಸ್ಪ್ಯಾನರ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಈ ಕಾರಿನದ್ದು ಇಂಚಿನ ಲೆಕ್ಕ. ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಸ್ಪ್ಯಾನರ್ ಕೂರುತ್ತದೆ, ಆದರೆ ಅರ್ಧ ಇಂಚು ಅಂದರೆ 12.7 ಎಂಎಂ. ಬಿಗಿ ಇರುವ ನಟ್ಟಾದರೆ ಮೂಲೆ ಸವೆದು ಹೋಗುತ್ತದೆ. ಹಿಂದಿನ ಯಾರೋ ಹಾಗೆ ಮಾಡಿ ಹಾಳು ಮಾಡಿದ ನಟ್ಟುಗಳು ಬೇಕಾದಷ್ಟಿದ್ದವು. 7/16, 1/2, 9/16 ಇರುವ ಇಂಚಿನ ಸೆಟ್ಟಿಗೆ 35 ಪೌಂಡ್.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದೆ. ಇಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಬಂದದ್ದು 160, 155, 160, 150 ಪಿಎಸ್‌ಐ. ಓಡುವಾಗ ಬಿಸಿಯಲ್ಲೂ ಆಯಿಲ್ ಪ್ರೆಷರ್ 55ರ ಮೇಲೆ. ಸುಸ್ತಾದ ಇಂಜಿನ್ ಹೀಗಿರಲ್ಲ.

ಟ್ಯೂನಿಂಗ್‌ನಲ್ಲಿ ಕ್ರಮ ಮುಖ್ಯ: ಮೊದಲು ಟ್ಯಾಪೆಟ್ (ವಾಲ್ವ್ ಗ್ಯಾಪ್), ಆಮೇಲೆ ಇಗ್ನಿಷನ್ (ಕಿಡಿ), ಕೊನೆಗೆ ಕಾರ್ಬುರೇಟರ್. ನಾನು ಸೀದಾ ಕಾರ್ಬುರೇಟರ್‌ಗೆ ಕೈ ಹಾಕಿದ್ದೆ. ಎಷ್ಟು ತಿರುಗಿಸಿದರೂ ಐಡಲ್ ನಿಲ್ಲಲಿಲ್ಲ. ವಾರಾಂತ್ಯಗಳು ಸುಮ್ನೆ ಹೋದವು. ಕೊನೆಗೆ ಕಾರ್ಬುರೇಟರ್ ಕ್ಲೀನರನ್ನು ಥ್ರಾಟಲ್ ಸ್ಪಿಂಡಲ್ (ಗಾಳಿಯ ತಟ್ಟೆ ತಿರುಗಿಸುವ ಕಡ್ಡಿ) ತುದಿಗೆ ಸ್ಪ್ರೇ ಮಾಡಿದೆ. ಇಂಜಿನ್ ಸದ್ದು ತಕ್ಷಣ ಬದಲಾಯಿತು. ಸ್ಪಿಂಡಲ್ ಸವೆದು ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಗಾಳಿ ಸೋರುವಾಗ ಮಿಕ್ಸ್‌ಚರ್ ಹೊಂದಿಸಿ ಏನೂ ಪ್ರಯೋಜನ ಇಲ್ಲ. ಎರಡೂ ಕಾರ್ಬುರೇಟರ್ ಬಿಚ್ಚಿ ಹೊಸ ಬುಷ್ ಹಾಕಿಸಿದೆ, 180 ಪೌಂಡ್.

ಟ್ಯಾಪೆಟ್ ಗ್ಯಾಪ್ ಇಂಜಿನ್ ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಎಂಎಂ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ ಕೂಡ ಅಷ್ಟೇ. ಪ್ಲಗ್ 0.025 ಇಂಚು. ಟೈಮಿಂಗ್ ನಿಂತ ಇಂಜಿನ್‌ನಲ್ಲಿ ಟಿಡಿಸಿಗಿಂತ (ಪಿಸ್ಟನ್ ತೀರ ಮೇಲೆ ಬರುವ ಜಾಗ) 10 ಡಿಗ್ರಿ ಮುಂಚೆ. ನನ್ನದು ಮೂರು ನಾಲ್ಕು ಡಿಗ್ರಿಯಲ್ಲಿ ಕೂತಿತ್ತು. ಪಿಕಪ್ ಹೋಗಿದ್ದು ಅಲ್ಲಿ.

ಕಾರ್ಬುರೇಟರ್ ಬುಡದಲ್ಲಿ ಕಾರ್ಬುರೇಟರ್‌ನದೇ ಪಿಸ್ಟನ್ ಎತ್ತುವ ಸಣ್ಣ ಪಿನ್ ಇರುತ್ತದೆ. ಅದನ್ನು ಒಂದು ಎಂಎಂಗಿಂತ ಕಡಿಮೆ ಎತ್ತಿ ಇಂಜಿನ್ ಸದ್ದು ಕೇಳಿ. ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ನಿಂತೇ ಹೋಗುವ ಹಾಗಾದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಇಳಿದರೆ ಸರಿ. ಮೇಲಿನ ಡ್ಯಾಶ್‌ಪಾಟ್‌ಗೆ 20 ಗ್ರೇಡ್ ಆಯಿಲ್.

ಪ್ಲಗ್, ಪಾಯಿಂಟ್, ಕಂಡೆನ್ಸರ್, ರೋಟರ್ ಎಲ್ಲ ಹೊಸದು ತಂದೆ, 40 ಪೌಂಡ್. ಹೊಸ ರೋಟರ್ ಕೆಲವೇ ದಿನದಲ್ಲಿ ಕೈಕೊಟ್ಟಿತು, ಕಾರು ರಸ್ತೆಯಲ್ಲಿ ನಿಂತಿತು. ಡಿಕ್ಕಿಯಲ್ಲಿದ್ದ ಹಳೆಯ ಲೂಕಸ್ ರೋಟರ್ ಹಾಕಿದೆ, ಮೊದಲ ಸೆಲ್ಫ್‌ಗೇ ಸ್ಟಾರ್ಟ್. ಹಳೇ ಭಾಗ ಅಂತ ಬಿಸಾಡುವ ಮೊದಲು ಸ್ವಲ್ಪ ತಡೆಯಿರಿ. ಎಷ್ಟೋ ಸಲ ಅದರ ಗುಣಮಟ್ಟವೇ ಮೇಲು.

ಹಂತ 3: ಬಿಸಿ

ಎಲ್ಲರೂ ಹೇಳಿದ್ದು ಎಲೆಕ್ಟ್ರಿಕ್ ಫ್ಯಾನ್ ಹಾಕು ಅಂತ. ಕಿಟ್ ತಂದು ಹಾಕಿಯೂ ನೋಡಿದೆ. ಟ್ರಾಫಿಕ್‌ನಲ್ಲಿ ಸ್ವಲ್ಪ ತಡವಾಗಿ ಬಿಸಿಯಾಯಿತು, ಅಷ್ಟೇ. ಕಿಟ್ ವಾಪಸ್ ಕೊಟ್ಟು, ರೇಡಿಯೇಟರ್ ನೀರು ಇಳಿಸಿ, ಬ್ಲಾಕಿನ ಹಿಂಭಾಗದಲ್ಲಿರುವ ಡ್ರೇನ್ ನಲ್ಲಿ ತೆಗೆದೆ. ಒಂದು ಹನಿಯೂ ಬರಲಿಲ್ಲ. ತಂತಿ ತೂರಿಸಿ ಕೆದಕಿದಾಗ ಕಾಫಿ ಗಸಿಯಂಥ ಕೆಸರು ಉದುರಿತು. ಐವತ್ತು ವರ್ಷದ ತುಕ್ಕು ನಾಲ್ಕನೇ ಸಿಲಿಂಡರ್ ಸುತ್ತ ಗಟ್ಟಿಯಾಗಿ ಕೂತಿತ್ತು. ಅದನ್ನು ಯಾವ ಫ್ಯಾನ್ ತಣ್ಣಗೆ ಮಾಡೀತು?

ಥರ್ಮೋಸ್ಟಾಟ್ ತೆಗೆದು, ಪೈಪಿನಿಂದ ನೀರನ್ನು ಉಲ್ಟಾ ದಿಕ್ಕಿನಲ್ಲಿ ಬಿಟ್ಟೆ. ಸ್ವಚ್ಛ ನೀರು ಬರುವವರೆಗೂ ಬಿಡುತ್ತಲೇ ಇದ್ದೆ. ರೇಡಿಯೇಟರ್‌ನ ಕೆಳಗಿನ ಸಾಲುಗಳೂ ಮುಚ್ಚಿಹೋಗಿದ್ದವು. ಮೂಲ ಟ್ಯಾಂಕ್ ಉಳಿಸಿಕೊಂಡು ಒಳಗಿನ ಕೋರ್ ಮಾತ್ರ ಹೊಸದು ಹಾಕಿಸಿದೆ, 190 ಪೌಂಡ್. 82 ಡಿಗ್ರಿ ಥರ್ಮೋಸ್ಟಾಟ್ ವಾಪಸ್ ಕೂರಿಸಿದೆ. ಕಾರ್ಖಾನೆಯ ಫ್ಯಾನೇ ಇದೆ. ಜುಲೈ ಬಿಸಿಲಲ್ಲಿ ಬರ್ಮಿಂಗ್‌ಹ್ಯಾಮ್ ಟ್ರಾಫಿಕ್‌ನಲ್ಲಿ ನಿಂತರೂ ಮುಳ್ಳು ಮಧ್ಯ ಬಿಟ್ಟು ಅಲ್ಲಾಡಲಿಲ್ಲ.

ಹಂತ 4: ಓವರ್‌ಡ್ರೈವ್

ನನ್ನ ತೀರ್ಮಾನ ಬದಲಾದದ್ದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಓವರ್‌ಡ್ರೈವ್ ಇಲ್ಲದೆ ಎಂಜಿಬಿಯನ್ನು ಮೋಟಾರ್‌ವೇಗೆ ಒಯ್ದರೆ ಕಿವಿಗೆ ಕಷ್ಟ. ನಾಲ್ಕನೇ ಗೇರಿನಲ್ಲಿ ಗಂಟೆಗೆ 70 ಮೈಲಿ ಹೋದರೆ ಇಂಜಿನ್ ಸುಮಾರು 3,900 ಆರ್‌ಪಿಎಂ ತಿರುಗುತ್ತದೆ. ಅದಕ್ಕೇ ಜನ ಫೋರ್ಡ್ ಸಿಯೆರಾದ ಐದು ಗೇರಿನ ಬಾಕ್ಸ್ ಹಾಕುತ್ತಾರೆ. "ಇಂಜಿನ್ ಬೇಡ ಅಂದ್ರೆ ಬಿಡು, ಗೇರ್‌ಬಾಕ್ಸ್ ಆದ್ರೂ ಹಾಕು" ಅಂತ ಗೆಳೆಯ ಹೇಳಿದ್ದು ಇದನ್ನೇ. ಕಿಟ್, ಬಾಕ್ಸ್, ಕೂಲಿ ಸೇರಿ 2,500 ಪೌಂಡ್ ಅಂದಾಜು. ಎಂಜಿಬಿಯಲ್ಲಿ ಗೇರ್‌ಬಾಕ್ಸ್ ತೆಗೆಯಬೇಕಂದರೆ ಇಂಜಿನ್ನನ್ನೂ ಜೊತೆಗೇ ಎತ್ತಬೇಕು. ಕ್ಲಚ್ ಪ್ಲೇಟ್ ಬದಲಿಸಲೂ ಅದೇ ಪಾಡು. ಹಾಗಾಗಿ ಎತ್ತುವ ಮೊದಲು ಕೆಳಗೆ ಮಲಗಿ ಮಲ್ಟಿಮೀಟರ್ ಹಿಡಿದೆ.

ಓವರ್‌ಡ್ರೈವ್‌ಗೆ ಕರೆಂಟ್ ಹೋಗುವ ದಾರಿ ಸರಳ. ಡ್ರೈವರ್ ಕೈಯಲ್ಲಿರುವ ಸ್ವಿಚ್, ಅಲ್ಲಿಂದ ಗೇರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್, ಅಲ್ಲಿಂದ ಸೊಲೆನಾಯ್ಡ್ (ಕರೆಂಟ್ ಬಂದಾಗ ಓವರ್‌ಡ್ರೈವ್ ಹಾಕುವ ವಿದ್ಯುತ್ ಅಯಸ್ಕಾಂತ). ಇನ್‌ಹಿಬಿಟರ್ ಸ್ವಿಚ್ ಮೂರು ಮತ್ತು ನಾಲ್ಕನೇ ಗೇರಿನಲ್ಲಿ ಮಾತ್ರ ದಾರಿ ಬಿಡುತ್ತದೆ.

ಇಗ್ನಿಷನ್ ಆನ್, ಇಂಜಿನ್ ಆಫ್, ಗೇರ್ ನಾಲ್ಕರಲ್ಲಿ. ಡ್ರೈವರ್ ಸ್ವಿಚ್‌ನಿಂದ ಹೊರಗೆ 12 ವೋಲ್ಟ್ ಬಂತು. ಗೇರ್‌ಬಾಕ್ಸ್ ಹತ್ತಿರ ಸೊನ್ನೆ. ಬ್ಯಾಟರಿಯಿಂದ ನೇರ ತಂತಿ ಎಳೆದು ಸೊಲೆನಾಯ್ಡ್‌ಗೆ ಕೊಟ್ಟೆ, ಟಿಕ್ ಅಂತು. ಅಂದರೆ ಯಂತ್ರ ಚೆನ್ನಾಗಿದೆ, ಮಧ್ಯದ ವೈರು ಕೆಟ್ಟಿದೆ. ಗೇರ್‌ಬಾಕ್ಸ್ ವೈರಿಂಗ್ ಮುಖ್ಯ ವೈರಿಂಗ್‌ಗೆ ಸೇರುವ ಕಡೆ ಬುಲೆಟ್ ಕನೆಕ್ಟರ್ ಇರುತ್ತದೆ. ರಬ್ಬರ್ ತೋಳು ಎಳೆದರೆ ಒಳಗೆ ಹಸಿರು ಕಿಲುಬು. ಹೊಸ ಬುಲೆಟ್, ಹೊಸ ತೋಳು ಹಾಕಿ ಕ್ರಿಂಪ್ ಮಾಡಿದೆ. ಖರ್ಚು 5 ಪೌಂಡ್. ಆಯಿಲ್ ಇಳಿಸಿ ಓವರ್‌ಡ್ರೈವ್ ಜಾಲರಿ ತೊಳೆದು, ಹೊಸ 20ಡಬ್ಲ್ಯೂ50 ತುಂಬಿದೆ, ಅದಕ್ಕೆ 30. ಓವರ್‌ಡ್ರೈವ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್.

ಈಗ 70 ಮೈಲಿಗೆ ಸುಮಾರು 3,200 ಆರ್‌ಪಿಎಂ. ಇನ್ನೊಂದು ವಿಷಯ ಕೇಳಿ. ಈ ಓವರ್‌ಡ್ರೈವ್ ಅನುಪಾತ 0.82. ಸಿಯೆರಾ ಬಾಕ್ಸಿನ ಐದನೇ ಗೇರಿನ ಅನುಪಾತವೂ 0.82! 2,500 ಪೌಂಡ್ ಕೊಟ್ಟು ಪಡೆಯಬೇಕಿದ್ದದ್ದು ಅದೇ ವೇಗ, ಅದೇ ಆರ್‌ಪಿಎಂ. ಮೇಲಾಗಿ ಓವರ್‌ಡ್ರೈವ್ ಮೂರನೇ ಗೇರಿನಲ್ಲೂ ಸಿಗುತ್ತದೆ. ಗುಡ್ಡದ ರಸ್ತೆಯಲ್ಲಿ ಕ್ಲಚ್ ಮುಟ್ಟದೆ ಸ್ವಿಚ್ ಒತ್ತಿ ಏರುವುದು, ಇಳಿಯುವುದು ಎಂಥಾ ಖುಷಿ ಅಂತ ಓಡಿಸಿದವರಿಗೇ ಗೊತ್ತು.

ಫೋನ್ ಮಾಡಿ ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಶಾಕ್ಸೂ ಒಂದ್ಸಲ ಬಿಚ್ಚಿ ನೋಡು" ಅಂದ.

ಹಂತ 5: ಮುಂದಿನ ಕುಣಿತ, ಬಿಗಿ ಸ್ಟೀರಿಂಗ್

ಈ ಕಾರಿನಲ್ಲಿ ಉದ್ದ ಕೊಳವೆಯ ಶಾಕ್ ಅಬ್ಸಾರ್ಬರ್ ಇಲ್ಲ. ಆರ್ಮ್‌ಸ್ಟ್ರಾಂಗ್ ಲಿವರ್ ಶಾಕ್ಸ್. ಮುಂದುಗಡೆ ಅದರ ತೋಳೇ ಸಸ್ಪೆನ್ಷನ್‌ನ ಮೇಲಿನ ತೋಳು. ಒಳಗೆ ಆಯಿಲ್ ಇರುತ್ತದೆ, ಅದು ಸೋರಿದರೆ ಕಾರು ಕುಣಿಯುತ್ತದೆ. ಹಾಗಾದಾಗ ಜನ ಟೆಲಿಸ್ಕೋಪಿಕ್ ಕಿಟ್ ಕಡೆ ಹೋಗುತ್ತಾರೆ. ನನ್ನ ಮುಂದಿನ ಎರಡೂ ಒಣಗಿದ್ದವು. ರೀಕಂಡೀಷನ್ ಮಾಡಿದ್ದನ್ನು ಹಳೆಯದು ಕೊಟ್ಟು ತಂದೆ, ಜೋಡಿಗೆ 150 ಪೌಂಡ್. ಹಿಂದಿನವಕ್ಕೆ ಆಯಿಲ್ ತುಂಬಿದ್ದಷ್ಟೇ ಸಾಕಾಯಿತು.

ಎಚ್ಚರ: ಮುಂದಿನ ಶಾಕ್ ಬಿಚ್ಚುವ ಮೊದಲು ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ ಜಾಕಿ ಕೊಡಲೇಬೇಕು. ಒತ್ತಿದ ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿರುವುದು ಆ ತೋಳೇ. ಜಾಕಿ ಇಲ್ಲದೆ ಮೇಲಿನ ಬೋಲ್ಟ್ ತೆಗೆದರೆ ಪ್ರಾಣಕ್ಕೇ ಅಪಾಯ.

ಸ್ಟೀರಿಂಗ್ ಬಿಗಿಗೆ ಕಾರಣ ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಗ್ರೀಸ್ ಇಲ್ಲದ್ದು. ಪ್ರತಿ ಬದಿಗೆ ಮೂರು ನಿಪ್ಪಲ್, 3,000 ಮೈಲಿಗೊಮ್ಮೆ ಗ್ರೀಸ್ ಬೇಕು. ಚಕ್ರ ನೆಲಕ್ಕೆ ತಾಗದಂತೆ ಎತ್ತಿ ಹೊಡೆಯಿರಿ, ಆಗಷ್ಟೇ ಒಳಗೆಲ್ಲ ಹೋಗುತ್ತದೆ. ಕಪ್ಪು ಗ್ರೀಸ್ ಹೋಗಿ ಹೊಸದು ಹೊರಬರುವವರೆಗೂ ಒತ್ತಿದೆ. ಪವರ್ ಸ್ಟೀರಿಂಗ್ ಕಿಟ್ ಹುಡುಕುತ್ತಿದ್ದವನಿಗೆ ಬೇಕಾಗಿದ್ದದ್ದು ಗ್ರೀಸ್ ಗನ್.

ಹಂತ 6: ಸಿಲ್

ದೊಡ್ಡ ಖರ್ಚು ಇದು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಸಿಲ್ ಅದರ ಬೆನ್ನೆಲುಬು. ಹೊರ ತಗಡು, ನಡುವಿನ ನಿಂತ ತಗಡು, ಒಳ ತಗಡು, ಕೆಳಗೆ ಕ್ಯಾಸಲ್ ರೇಲ್ ಅನ್ನುವ ಪಟ್ಟಿ, ಇಷ್ಟೂ ಸೇರಿದ್ದು. ಮ್ಯಾಗ್ನೆಟ್ ಹಿಡಿದರೆ ಎಡಗಡೆ ಕೆಲವು ಕಡೆ ಅಂಟಲಿಲ್ಲ, ಪುಟ್ಟಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. ಕೊಳೆತ ಸಿಲ್ ಮೇಲೆ ಇನ್ನೊಂದು ತಗಡು ಮುಚ್ಚಿ ಬಣ್ಣ ಹೊಡೆದಿದ್ದರು.

ವೆಲ್ಡಿಂಗ್ ನಾನು ಮಾಡಲಿಲ್ಲ. ಎಂಜಿಬಿ ಕೆಲಸ ಗೊತ್ತಿರುವವರ ಹತ್ತಿರ ಬಿಟ್ಟೆ. ಎರಡೂ ಬದಿಗೆ 2,600 ಪೌಂಡ್. ಬಾಗಿಲ ಸಂದಿಗೆ ಅಡ್ಡ ಕಂಬಿ ಕೊಟ್ಟು, ಬಾಗಿಲ ಗ್ಯಾಪ್ ಅಳೆದುಕೊಂಡು, ಮುಂದಿನ ಮಡ್‌ಗಾರ್ಡಿನ ಬುಡ ಬಿಚ್ಚಿ ಒಳಗಿನ ತಗಡಿನಿಂದ ಶುರು ಮಾಡಿದರು. ಹೊರ ತಗಡು ಮಾತ್ರ ಹಾಕಿಕೊಡುತ್ತೇವೆ ಅಂದವರು ಇನ್ನೊಂದು ಕಡೆ 900 ಕೇಳಿದ್ದರು. ಅದು ಇನ್ನೊಂದು ಮುಚ್ಚಳ ಅಷ್ಟೇ. ಇಲ್ಲಿ ಕತ್ತರಿಸಿದ್ದಕ್ಕೆ ನನಗೆ ಬೇಸರವಿಲ್ಲ. ಹೋದದ್ದು ತುಕ್ಕು, ಬಂದದ್ದು ಅದೇ ಆಕಾರದ ಉಕ್ಕು. ನೆನಪಿಡಿ, ಹೊಸ ಇಂಜಿನ್ ಹಾಕಿಸಿದ್ದರೂ ಈ 2,600 ತಪ್ಪುತ್ತಿರಲಿಲ್ಲ.

ಹಂತ 7: ಪೆಟ್ರೋಲ್

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ್ದು. ಎಥನಾಲ್ ಹಳೆಯ ರಬ್ಬರ್ ಪೈಪನ್ನು ತಿನ್ನುತ್ತದೆ. ನನ್ನ ಪೈಪ್‌ಗಳು ಬೆರಳಲ್ಲಿ ಹಿಸುಕಿದರೆ ಬಿರುಕು ಬಿಡುತ್ತಿದ್ದವು. ಎಥನಾಲ್ ತಡೆಯುವ ಪೈಪು, ಕಾರ್ಬುರೇಟರ್‌ಗೆ ಹೊಸ ಸೀಲು ಸೇರಿ 60 ಪೌಂಡ್. ಬಂಕಿನಲ್ಲಿ ಇ5 ಇರುವ ಸೂಪರ್ ಪೆಟ್ರೋಲ್ ಹಾಕಿಸುತ್ತೇನೆ. ಊರಲ್ಲಿ ಹಳೇ ಯೆಜ್ಡಿ, ಪದ್ಮಿನಿ ಇಟ್ಟುಕೊಂಡವರು ಈಗ ಇ20 ಹಾಕಿಸುತ್ತಿದ್ದೀರಿ. ಬೇರೇನೂ ಮಾಡದಿದ್ದರೂ ಪೆಟ್ರೋಲ್ ಪೈಪ್ ಇವತ್ತೇ ನೋಡಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಉಳಿಸಲು ಕಾರೇ ಇರಲ್ಲ.

ಹಂತ 8: ತೀರ್ಮಾನ

ಬದಲಾವಣೆಯನ್ನೇ ವಿರೋಧಿಸುವವನು ನಾನಲ್ಲ. ಅಬಿಂಗ್‌ಡನ್‌ನಲ್ಲೇ ಸ್ಪೆಷಲ್ ಟ್ಯೂನಿಂಗ್ ಅಂತ ವಿಭಾಗ ಇತ್ತು, ವೇಗ ಹೆಚ್ಚಿಸುವ ಭಾಗಗಳನ್ನು ಅವರೇ ಮಾರುತ್ತಿದ್ದರು. ಕೆನ್ ಕಾಸ್ಟೆಲ್ಲೊ ಅನ್ನುವವರು ಎಂಜಿಬಿಗೆ ರೋವರ್ ವಿ8 ಇಂಜಿನ್ ಹಾಕಿ ಮಾರಿದರು. ಆಮೇಲೆ ಕಾರ್ಖಾನೆಯೇ 1973ರಲ್ಲಿ ಜಿಟಿ ವಿ8 ತಂದಿತು. 1976ರವರೆಗೆ 2,591 ತಯಾರಾದವು, ಇವತ್ತು ಅವನ್ನು ಯಾರೂ ಮುಟ್ಟಲು ಬಿಡುವುದಿಲ್ಲ. ಇಂಜಿನ್ ಕಳೆದುಹೋದ, ಬಾಡಿ ಅರ್ಧ ಕೊಳೆತ ಎಂಜಿಬಿ ಸಿಕ್ಕಿದರೆ ನಾನೂ ಖುಷಿಯಿಂದ ಮಾಜ್ದಾ ಇಂಜಿನ್ ಹಾಕುತ್ತೇನೆ.

ಆದರೆ ಈ ಕಾರಿಗೆ ಬೇಡ. ಅಂದುಕೊಂಡಿದ್ದ ಒಂದೊಂದು ಬದಲಾವಣೆಯೂ ಯಾರೋ ಮಾಡದೆ ಬಿಟ್ಟ ರಿಪೇರಿಗೆ ಉತ್ತರವಾಗಿತ್ತು. ಫ್ಯಾನ್ ಕೇಳಿದ್ದು ಬ್ಲಾಕಿನ ಕೆಸರು, ಐದು ಗೇರು ಕೇಳಿದ್ದು ಕಿಲುಬು ಹಿಡಿದ ಕನೆಕ್ಟರ್, ಹೊಸ ಇಂಜಿನ್ ಕೇಳಿದ್ದು ತಪ್ಪು ಟೈಮಿಂಗ್. ಅವನ್ನು ಸರಿಮಾಡಿ ಒಂದು ಬೇಸಿಗೆ ಓಡಿಸಿದ ಮೇಲೆ ಬದಲಿಸಬೇಕು ಅನ್ನಿಸಿದ್ದೇ ಕಡಿಮೆ. ಕಾನೂನಿನದೂ ಒಂದು ಮಾತಿದೆ. ಇಲ್ಲಿ 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರಿಗೆ ಎಂಒಟಿ (ವಾರ್ಷಿಕ ಸುರಕ್ಷತಾ) ತಪಾಸಣೆ ಕಡ್ಡಾಯ ಅಲ್ಲ, ಆದರೆ ಹಿಂದಿನ 30 ವರ್ಷಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಾನು ಹೇಗೂ ಪ್ರತಿ ವರ್ಷ ತಪಾಸಣೆ ಮಾಡಿಸುತ್ತೇನೆ. ಬ್ರೇಕು, ಸಿಲ್ ಇನ್ನೊಬ್ಬರ ಕಣ್ಣಿಗೂ ಬೀಳಲಿ.

ಈಗ ನಾನು ಇಟ್ಟುಕೊಂಡಿರುವ ನಿಯಮ: ಕೊರೆಯಬಾರದು, ಕತ್ತರಿಸಬಾರದು, ಬಿಚ್ಚಿದ ಮೂಲ ಭಾಗ ಮನೆ ಬಿಟ್ಟು ಹೋಗಬಾರದು. ಅದರೊಳಗೆ ಸುರಕ್ಷತೆಗೆ ಬೇಕಾದ್ದು ಮಾಡಿದ್ದೇನೆ. ತಾನೇ ಸುತ್ತಿಕೊಳ್ಳುವ ಸೀಟ್ ಬೆಲ್ಟ್, ಕಾರಿನಲ್ಲಿದ್ದ ಹಳೆಯ ಬೋಲ್ಟ್ ಜಾಗಗಳಿಗೇ, 130 ಪೌಂಡ್. ಹೆಡ್‌ಲೈಟ್‌ಗೆ ರಿಲೇ, 25. ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್, 50. ಪಾಯಿಂಟ್ ಪ್ಲೇಟ್ ಚೀಟಿ ಅಂಟಿಸಿದ ಡಬ್ಬದಲ್ಲಿ ಡಿಕ್ಕಿಯಲ್ಲೇ ಇದೆ. ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು. ಹಿಂದಿನ ಸೀಟಿನ ಕೆಳಗೆ ಕಾರ್ಖಾನೆಯವರು ಎರಡು 6 ವೋಲ್ಟ್ ಬ್ಯಾಟರಿ ಇಡುತ್ತಿದ್ದರು. ಹಿಂದಿನ ಮಾಲೀಕರು ಅದೇ ಪೆಟ್ಟಿಗೆಯಲ್ಲಿ ಒಂದೇ 12 ವೋಲ್ಟ್ ಕೂರಿಸಿದ್ದಾರೆ. ಏನೂ ಕತ್ತರಿಸಿಲ್ಲ, ಇರಲಿ.

ತಲೆ ಕೆಡಿಸಿದ್ದು ಚಾವಣಿ. ಮೊದಲ ಮಾಲೀಕರು ಅದನ್ನು ಕತ್ತರಿಸಿ ಬಟ್ಟೆಯ ಮಡಚುವ ಸನ್‌ರೂಫ್ ಹಾಕಿಸಿದ್ದರು. 1973ರ ರಸೀದಿ ಫೈಲಿನಲ್ಲಿದೆ. ಆ ಕಾಲದಲ್ಲಿ ಜಿಟಿಗಳಿಗೆ ಇದು ಸಾಮಾನ್ಯ. ಮೂಲಕ್ಕೆ ತರಬೇಕಾದರೆ ಇಡೀ ಚಾವಣಿ ತಗಡು ಕಿತ್ತು ಹೊಸದು ಬೆಸೆಯಬೇಕು. ಉಳಿದಿರುವ ಮೂಲ ಉಕ್ಕನ್ನು ಇನ್ನಷ್ಟು ಕಳೆದುಕೊಂಡು ಮೂಲ ಅನ್ನಿಸಿಕೊಳ್ಳುವುದರಲ್ಲಿ ಅರ್ಥ ಕಾಣಲಿಲ್ಲ. ಐವತ್ತು ವರ್ಷ ಕಾರಿನ ಜೊತೆ ಬಾಳಿದೆ, ಸೋರುವುದೂ ಇಲ್ಲ. ಬಟ್ಟೆ ಮಾತ್ರ ಬದಲಿಸುತ್ತೇನೆ.

ಬಣ್ಣದ ವಿಷಯಕ್ಕೆ ಅವಸರ ಇಲ್ಲ. ಕೆಂಪು ಇನ್ನೂ ಗಟ್ಟಿಯಾಗಿದೆ. ಅದು ಏಳತೊಡಗಿದ ದಿನ ಬ್ರಾಂಜ್ ಯೆಲ್ಲೋ ಹೊಡೆಸುತ್ತೇನೆ. ಇಂಜಿನ್ ಜಾಗದ ಹಳೆ ಬಣ್ಣವನ್ನು ಮಾತ್ರ ಯಾರಿಗೂ ಪಾಲಿಷ್ ಮಾಡಲೂ ಬಿಡುವುದಿಲ್ಲ. ಬಣ್ಣ ಹೊಂದಿಸಲು ಇರುವ ಸಾಕ್ಷಿ ಅದೊಂದೇ.

ಒಟ್ಟು ಖರ್ಚು 3,500 ಪೌಂಡ್ ಚಿಲ್ಲರೆ. ಸಿಲ್ ಬಿಟ್ಟರೆ ಸಾವಿರದ ಒಳಗೆ. ಮುಂದಿನ ಕೆಲಸ ಹೀಟರ್ ಪೆಟ್ಟಿಗೆ. ಎಂಜಿಬಿಯಲ್ಲಿ ಅದನ್ನು ಹೊರತೆಗೆಯುವಷ್ಟು ಹಟಮಾರಿ ಕೆಲಸ ಇನ್ನೊಂದಿಲ್ಲ ಅಂತ ಎಲ್ಲರೂ ಹೆದರಿಸಿದ್ದಾರೆ. ಅಕ್ಟೋಬರ್ ಚಳಿ ಶುರುವಾಗುವ ಮೊದಲು ಬಿಚ್ಚುತ್ತೇನೆ. ಗೆಳೆಯನೂ ಇಂಚಿನ ಸ್ಪ್ಯಾನರ್ ಸೆಟ್ ತಗೊಂಡಿದ್ದಾನೆ, ಕೈ ಸೇರಿಸಲು ಬರುತ್ತಾನಂತೆ.